ಬ್ರಿಗೇಡಿಯರ್ ಹೇಳದೆ ಬಿಟ್ಟ ಚಳಿಗಾಲ

2006ರ ಡಿಸೆಂಬರ್‌ನಲ್ಲಿ ದೊಡ್ಡ ಗಾಳಿ ಬೀಸಿ ಕರೆಂಟ್ ಹೋದ ಎರಡನೆಯ ದಿನ, ಶನಿವಾರ ಬೆಳಿಗ್ಗೆ, ನಾನು ಸಿಯಾಟಲ್ ಹತ್ತಿರದ ಇಸ್ಸಾಕ್ವಾದ ಗುಡ್ಡದ ಮೇಲೆ ಬ್ರಿಗೇಡಿಯರ್ ಹಾರ್ಲಿಯವರ ಗ್ಯಾರೇಜಿನ ಮುಂದಿನ ಸಿಮೆಂಟ್ ಇಳಿಜಾರಿನಲ್ಲಿ ರಸ್ತೆಗೆ ಮುಖ ಮಾಡಿ ನಿಂತಿದ್ದೆ. ಎಡಗಡೆ, ಗಾಳಿಗೆ ಉರುಳಿದ ಫರ್ ಮರ ಅರ್ಧ ರಸ್ತೆಯನ್ನು ಮುಚ್ಚಿ ಮಲಗಿತ್ತು. ಎದುರಿಗೆ, ರಸ್ತೆಯ ಆಚೆ, ನನ್ನ ಗೆಳೆಯ ಗಿರೀಶನ ಮನೆ. ಅದರ ಮೇಲಿನ ಮಹಡಿಯ ಕಿಟಕಿ ಒಳಗಿನಿಂದ ಕಂಬಳಿಯಿಂದ ಮುಚ್ಚಿತ್ತು. ನನ್ನ ಕೈಯಲ್ಲಿ ಬಿಸಿನೀರು ತುಂಬಿದ ಫ್ಲಾಸ್ಕ್ ಇತ್ತು.

ಕಳೆದ ತಿಂಗಳು ಕೆಲಸದ ಮೇಲೆ ಸಿಯಾಟಲ್‌ಗೆ ಹೋದಾಗ ಕಾರು ಬಾಡಿಗೆಗೆ ಪಡೆದು ಆ ಬೀದಿಗೆ ಹೋಗಿ, ಅದೇ ಇಳಿಜಾರಿನಲ್ಲಿ ನಿಂತು ನೋಡಿದೆ. ಅಲ್ಲಿಂದ ಆ ಕಿಟಕಿ ನಿಜವಾಗಿಯೂ ಕಾಣುತ್ತದೆಯೇ ಎಂದು ಖಚಿತ ಮಾಡಿಕೊಳ್ಳಬೇಕಿತ್ತು. ಕಾಣುತ್ತದೆ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಕಂಡದ್ದನ್ನು ಕಂಡದ್ದೆಂದು, ಕೇಳಿದ್ದನ್ನು ಕೇಳಿದ್ದೆಂದು ಬರೆಯುತ್ತೇನೆ.

ಆ ವರ್ಷದ ಬೇಸಿಗೆಯಲ್ಲಿ ನಾನು ಬ್ರಿಗೇಡಿಯರ್ ಮನೆಯ ಕೆಳಗಿನ ಅಂತಸ್ತಿಗೆ ಬಾಡಿಗೆಗೆ ಹೋಗಿದ್ದೆ. ಬ್ರಿಟಿಷ್ ಸೈನ್ಯದಿಂದ ನಿವೃತ್ತರಾಗಿ ಇಪ್ಪತ್ತು ವರ್ಷವಾಗಿದ್ದ ಮನುಷ್ಯ. ಹೆಂಡತಿ ಆ ಕಡೆಯವರಾದ್ದರಿಂದ ಅಲ್ಲಿಗೆ ಬಂದು ನೆಲೆಸಿದ್ದರು. ಆಕೆ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಮೈಸೂರಿನಿಂದ ಬಂದು ನಾಲ್ಕು ವರ್ಷವಾಗಿದ್ದ ನನಗೆ ಅಪಾರ್ಟ್‌ಮೆಂಟುಗಳು ಸಾಕಾಗಿದ್ದವು. ಮನೆ ತೋರಿಸುವಾಗ ಅವರು ಒಂದೇ ಷರತ್ತು ಹಾಕಿದರು. ಮಲಗುವ ಕೋಣೆಯ ಕಿಟಕಿ ಯಾವ ಕಾಲದಲ್ಲೂ ಪೂರ್ತಿ ಮುಚ್ಚಕೂಡದು, ಒಂದು ಗೇಣು ತೆರೆದಿರಬೇಕು. ಮುದುಕರ ಚಟ ಎಂದುಕೊಂಡು ಒಪ್ಪಿದೆ. ನವೆಂಬರ್ ಬಂದ ಮೇಲೆ ಎರಡು ರಜಾಯಿ ಹೊದ್ದು, ಉಲ್ಲನ್ ಟೋಪಿ ಹಾಕಿಕೊಂಡು ಮಲಗಿ ಶಪಿಸಿದೆ.

ಶನಿವಾರ ಭಾನುವಾರಗಳ ಬೆಳಗಿನ ತಿಂಡಿಗೆ ಮೇಲೆ ಕರೆಯುತ್ತಿದ್ದರು. ಸುಟ್ಟ ಬ್ರೆಡ್ಡು, ಕಿತ್ತಳೆಯ ಮಾರ್ಮಲೇಡು, ಕಡುಕಪ್ಪು ಟೀ. ತಮ್ಮ ನೌಕರಿಯ ಕಥೆಯನ್ನು ಊರಿನಿಂದ ಊರಿಗೆ, ಹುದ್ದೆಯಿಂದ ಹುದ್ದೆಗೆ, ಕ್ರಮ ತಪ್ಪದೆ ಹೇಳುತ್ತಿದ್ದರು. ಮಲಯಾದ ರಬ್ಬರ್ ತೋಟಗಳಲ್ಲಿ ಜಿಗಣೆಗಳನ್ನು ಕೀಳುತ್ತ ನಡೆದದ್ದು. ಅಲ್ಲಿ ಗೂರ್ಖಾ ಸೈನಿಕರಿಂದ ಒಂದಿಷ್ಟು ಹಿಂದಿ ಕಲಿತದ್ದು. ಏಡನ್ನಿನ ಬಿಸಿಲಲ್ಲಿ ಸೈನಿಕರ ಕಂಪನಿಯನ್ನು ನಡೆಸಿದ್ದು. ಬೆಲ್‌ಫಾಸ್ಟ್‌ನಲ್ಲಿ ಬೆಟಾಲಿಯನ್ನಿನ ಮುಖ್ಯಸ್ಥನಾಗಿ, ತಾನು ಕಾಯುತ್ತಿರುವುದು ಯಾರನ್ನು ಯಾರಿಂದ ಎಂದು ತಿಳಿಯದೆ ಬೀದಿಗಳಲ್ಲಿ ನಿಂತದ್ದು. ಆಮೇಲೆ ಜರ್ಮನಿಯಲ್ಲಿ ಒಂದು ಬ್ರಿಗೇಡ್. ಅಲ್ಲಿಂದ ಮುಂದಿನ ಮೆಟ್ಟಿಲು ಜನರಲ್. ಆ ಮೆಟ್ಟಿಲು ಅವರಿಗೆ ಸಿಗಲಿಲ್ಲ. ಚಳಿಗಾಲದ ದೊಡ್ಡ ಕವಾಯತಿನ ನಡುವೆ, ಸೈನಿಕರು ಡೇರೆಗಳನ್ನು ಬಿಗಿಯಾಗಿ ಮುಚ್ಚಿಕೊಂಡು ಒಳಗೆ ಸ್ಟವ್ ಹೊತ್ತಿಸಿದ್ದನ್ನು ಕಂಡು ಇಡೀ ಬ್ರಿಗೇಡನ್ನೇ ಹೊರಗೆ ನಿಲ್ಲಿಸಿ ಕವಾಯತು ರದ್ದು ಮಾಡಿದರಂತೆ.

“ಸೈನ್ಯ ಶಿಶುವಿಹಾರವಲ್ಲ ಎಂದು ನಮ್ಮ ಜನರಲ್ ನನಗೆ ತಿಳಿಸಿದರು” ಎಂದು ಬ್ರಿಗೇಡಿಯರ್ ಹೇಳಿದರು. “ಆಮೇಲೆ ಲಂಡನ್ನಿನಲ್ಲಿ ಒಂದು ಮೇಜು ಕೊಟ್ಟರು. ಒಳ್ಳೆಯ ಮೇಜು.”

“ಮಲಯಾಕ್ಕಿಂತ ಮೊದಲು ಎಲ್ಲಿದ್ದಿರಿ?” ಎಂದು ಒಮ್ಮೆ ಕೇಳಿದೆ.

“ಕೊರಿಯಾದಲ್ಲಿ. ಮಾರ್ಮಲೇಡ್ ಈ ಕಡೆ ಕೊಡಿ.”

ಗಿರೀಶ ನನ್ನ ಆಫೀಸಿನವನು, ಬೆಂಗಳೂರಿನ ಹುಡುಗ. ನನಗೆ ಆ ಮನೆ ಹುಡುಕಿಕೊಟ್ಟವನೂ ಅವನೇ. ಅಕ್ಟೋಬರ್ ಕೊನೆಗೆ ಅವನ ಹೆಂಡತಿ ಸುಮಾಗೆ ಹೆಣ್ಣುಮಗು ಹುಟ್ಟಿತು. ಬಾಣಂತನಕ್ಕೆಂದು ಸುಮಾಳ ತಾಯಿ ಕಮಲಮ್ಮನವರು ತಿಪಟೂರಿನಿಂದ ಬಂದಿದ್ದರು. ಮೇಷ್ಟರ ಹೆಂಡತಿ, ಗಂಡ ಹೋಗಿ ಮೂರು ವರ್ಷ, ಅರವತ್ತರ ಆಸುಪಾಸು. ಕೈ ಮತ್ತು ಬಾಯಿ ಎರಡೂ ಒಟ್ಟಿಗೆ ನಡೆಯುತ್ತಿದ್ದ ಹೆಂಗಸು. ಬ್ರಿಗೇಡಿಯರ್ ಒಂದು ದಿನ ಮಗು ನೋಡಲು ಬಂದು ಬಾಗಿಲಲ್ಲಿ ಶೂ ಬಿಚ್ಚಿದಾಗ ಕಮಲಮ್ಮ ನನ್ನ ಕಡೆ ತಿರುಗಿದರು.

“ರಘು, ನಿಮ್ಮ ದೊರೆಗೆ ಕಾಫಿ ಕೊಡ್ಲಾ, ಟೀ ಕೊಡ್ಲಾ ಕೇಳಪ್ಪ. ಇವರ ಕಡೆಯೋರು ಕುದುರೆ ಮೇಲೆ ಬಂದ್ರೆ ಊರಿಗೂರೇ ಎದ್ದು ನಿಲ್ತಿತ್ತು ಅಂತ ನಮ್ಮಜ್ಜ ಹೇಳೋರು. ಈಗ ನೋಡು, ನಮ್ಮನೆ ಬಾಗಿಲಲ್ಲಿ ಮೆಟ್ಟು ಬಿಡ್ತಾನೆ.”

“ಅಮ್ಮಾ, ಮೆತ್ತಗೆ” ಎಂದಳು ಸುಮಾ ಒಳಗಿನಿಂದ.

“ಕನ್ನಡ ಬಂದಿದ್ರೆ ಇವರು ದೇಶ ಬಿಟ್ಟು ಹೋಗ್ತಿದ್ರಾ? ಸುಮ್ನಿರೇ.”

ಬ್ರಿಗೇಡಿಯರ್ ಅವರಿಗೆ ತಲೆಬಾಗಿ ತಮ್ಮ ಗೂರ್ಖಾ ಹಿಂದಿಯಲ್ಲಿ “ಬಹುತ್ ಠಂಡಾ?” ಎಂದರು. ಕಮಲಮ್ಮನಿಗೆ ಹಿಂದಿ ಬರುವುದಿಲ್ಲ.

“ಏನಂತೆ?”

“ತುಂಬಾ ಚಳೀನಾ ಅಂತ.”

“ಇವರೂರಲ್ಲಿ ಸೂರ್ಯ ಸಿಕ್ ಲೀವ್ ಹಾಕಿದಾನೆ ಅಂತ ಹೇಳು.”

ಹೇಳಿದೆ. ಬ್ರಿಗೇಡಿಯರ್ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಂದಿನಿಂದ ವಾರಕ್ಕೊಮ್ಮೆ ಟೀ ಕುಡಿಯಲು ಹೋಗುತ್ತಿದ್ದರು.

ಬಾಣಂತನವನ್ನು ಕಮಲಮ್ಮ ಒಂದು ಕಟ್ಟೂ ಸಡಿಲಿಸದೆ ಮಾಡಿದರು. ಎಣ್ಣೆನೀರು, ಸೊಂಟಕ್ಕೆ ಬಿಗಿದ ಬಟ್ಟೆ, ಕಿವಿಗೆ ಹತ್ತಿ. ಸ್ನಾನವಾದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ತಾಯಿ ಮಗು ಇಬ್ಬರ ಕೂದಲಿಗೂ ಹೊಗೆ. ಕೆಂಡಕ್ಕೆ ಗ್ಯಾರೇಜಿನಲ್ಲಿ ದಾರಿಯಿತ್ತು. ಬೇಸಿಗೆಯಲ್ಲಿ ಗಿರೀಶ ಬಾರ್ಬೆಕ್ಯೂಗೆಂದು ತಂದ ಇದ್ದಿಲಿನ ದೊಡ್ಡ ಚೀಲ ಉಳಿದಿತ್ತು. ನಾಲ್ಕು ತುಂಡನ್ನು ಗ್ಯಾಸ್ ಒಲೆಯ ಮೇಲೆ ಕೆಂಪಗೆ ಮಾಡಿ, ಹಳೆಯ ಕಬ್ಬಿಣದ ಬಾಣಲೆಗೆ ಹಾಕಿ ಕೋಣೆಗೆ ಒಯ್ಯುತ್ತಿದ್ದರು. ಹೊಗೆಗೆ ಸೂರಿನ ಅಲಾರಂ ಕಿರುಚುತ್ತಿತ್ತು. ಗಿರೀಶ ಟವೆಲ್ ಬೀಸುತ್ತ ಕುರ್ಚಿ ಹತ್ತುತ್ತಿದ್ದ. ಒಂದು ವಾರ ನೋಡಿದ, ಎರಡು ವಾರ ನೋಡಿದ.

“ಮಗಾ, ಇದರ ಕಿರುಚಾಟಕ್ಕೆ ಪಾಪು ಬೆಚ್ಚಿ ಬೀಳ್ತಿದೆ. ಬ್ಯಾಟರಿ ತೆಗೆದು ಬಿಸಾಕ್ದೆ” ಎಂದ. ಒಗ್ಗರಣೆಯ ಕಾಟಕ್ಕೆ ನಮ್ಮವರ ಎಷ್ಟೋ ಮನೆಗಳಲ್ಲಿ ಹೀಗೆ ಮಾಡಿದ್ದರು. ಯಾರಿಗೂ ವಿಶೇಷ ಅನ್ನಿಸಲಿಲ್ಲ. ಮುಂದೆ ನಡೆದದ್ದಕ್ಕೆ ಆ ಅಲಾರಂ ಉಪಯೋಗಕ್ಕೆ ಬರುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅದು ಹೊಗೆಗೆ ಕೂಗುವ ಯಂತ್ರ. ನಮ್ಮ ಮೇಲೆ ಬಂದದ್ದಕ್ಕೆ ಹೊಗೆಯೂ ಇರಲಿಲ್ಲ, ವಾಸನೆಯೂ ಇರಲಿಲ್ಲ.

ಗಾಳಿ ಗುರುವಾರ ರಾತ್ರಿ ಬೀಸಿತು. ಶುಕ್ರವಾರ ಗುಡ್ಡದ ಮೇಲೆ ಒಂದು ದೀಪವೂ ಇರಲಿಲ್ಲ. ಎಲ್ಲರ ಮನೆಯ ಹೀಟರ್ ಸತ್ತಿತ್ತು, ಒಳಗೆ ಮಾತಾಡಿದರೆ ಬಾಯಿಂದ ಆವಿ ಬರುತ್ತಿತ್ತು. ಬ್ರಿಗೇಡಿಯರ್ ತಮ್ಮ ಹಳೆಯ ಸೀಮೆಎಣ್ಣೆ ಸ್ಟವ್ವನ್ನು ಗ್ಯಾರೇಜಿನ ಹೊರಗೆ, ಗಾಳಿಯಲ್ಲೇ ಇಟ್ಟು, ಅದು ಆರಿದಾಗಲೆಲ್ಲ ಮಂಡಿಯೂರಿ ಮತ್ತೆ ಹೊತ್ತಿಸುತ್ತಿದ್ದರು. ಬಲಪಕ್ಕದ ಮನೆಯ ಲಿಂಡಾ ಎಂಬಾಕೆ “ಒಳಗಿಟ್ಟುಕೊಳ್ಳಬಾರದೇ?” ಎಂದು ಕೂಗಿದರೆ ಕೇಳಿಸಲಿಲ್ಲವೆಂಬಂತೆ ಇದ್ದರು. ಶನಿವಾರ ಬೆಳಿಗ್ಗೆ ಗಿರೀಶ ಕಾರು ತೆಗೆದ. “ಟೋಟೆಮ್ ಲೇಕ್ ಕಡೆ ಕರೆಂಟ್ ಇದೆಯಂತೆ. ಹೋಟೆಲ್ ರೂಮ್ ಸಿಗುತ್ತಾ ನೋಡ್ಕೊಂಡ್ ಬರ್ತೀನಿ. ಇವರ ಕಡೆ ಸ್ವಲ್ಪ ಗಮನ ಇಟ್ಟಿರು” ಎಂದು ಹೇಳಿ ಹೋದ.

ಬ್ರಿಗೇಡಿಯರ್ ಫ್ಲಾಸ್ಕಿಗೆ ಬಿಸಿನೀರು ತುಂಬಿ ಬಾಣಂತಿಗೆ ಕೊಟ್ಟು ಬನ್ನಿ ಎಂದರು. ಹೋಗಿ ಬಾಗಿಲು ಬಡಿದೆ. ಯಾರೂ ತೆರೆಯಲಿಲ್ಲ. ಕಾಲ್ ಮಾಡಿದರೆ ಫೋನ್ ಹೋಗಲಿಲ್ಲ. ಬಾಗಿಲ ಸಂದಿಯಿಂದ ಸಾಂಬ್ರಾಣಿಯ ತೆಳು ವಾಸನೆ ಬರುತ್ತಿತ್ತು. ಆ ಚಳಿಯಲ್ಲಿ ಅದು ಊರಿನ ಮನೆಯ ಹಾಗೆ ಬೆಚ್ಚಗೆ ಅನ್ನಿಸಿತು. ವಾಪಸ್ ಬಂದು, ನಾನು ಮೊದಲು ಹೇಳಿದ ಜಾಗದಲ್ಲಿ ನಿಂತೆ.

“ಮಲಗಿರಬೇಕು. ಒಳಗಿಂದ ಧೂಪದ ವಾಸನೆ ಬರ್ತಿದೆ, ಆರಾಮಾಗಿದಾರೆ” ಎಂದೆ.

“ಯಾವ ಧೂಪ?”

“ಕೆಂಡದ ಮೇಲೆ ಹಾಕುವುದು. ಇದ್ದಿಲು.”

ಅವರು ಕೈಯಲ್ಲಿದ್ದ ಕೆಟಲ್ ಅನ್ನು ನಿಧಾನವಾಗಿ ನೆಲಕ್ಕಿಟ್ಟರು. ಮೇಲಿನ ಕಿಟಕಿಯ ಕಂಬಳಿಯನ್ನು ನೋಡಿದರು. ಗೋಡೆಗೊರಗಿಸಿದ್ದ ಊರುಗೋಲನ್ನು ಎತ್ತಿಕೊಂಡರು. ಆಮೇಲೆ ಆ ಎಪ್ಪತ್ತು ದಾಟಿದ ಮನುಷ್ಯ ಓಡಿದ್ದನ್ನು ನಾನು ಕಂಡೆ. ಓಡುತ್ತಲೇ ಹೇಳಿದರು: “ಉಸಿರು ಕಟ್ಟಿಕೊಂಡು ಒಳಗೆ ಹೋಗಿ. ಮಗು ಮೊದಲು. ಎಬ್ಬಿಸಲು ನಿಲ್ಲಬೇಡಿ, ಮಾತಾಡಿಸಬೇಡಿ, ಎಳೆದು ತನ್ನಿ.”

ಊರುಗೋಲಿನಿಂದ ಬಾಗಿಲ ಪಕ್ಕದ ಗಾಜು ಒಡೆದು, ಒಳಗೆ ಕೈ ಹಾಕಿ ಚಿಲಕ ತೆಗೆದರು. ಮೆಟ್ಟಿಲು ಹತ್ತಿದೆವು. ಕೋಣೆಯ ಬಾಗಿಲ ತಳಕ್ಕೆ ಒಳಗಿಂದ ಸೀರೆ ತುರುಕಿತ್ತು. ಬಾಣಂತಿಗೆ ಗಾಳಿ ತಾಕಬಾರದೆಂದು. ತಳ್ಳಿದೆವು. ಸುಮಾ ಮಂಚದ ಮೇಲೆ ಮಗುವಿನ ಕಡೆ ತಿರುಗಿ ಮಲಗಿದ್ದಳು. ಕಮಲಮ್ಮ ನೆಲದ ಮೇಲೆ, ಗೋಡೆಗೊರಗಿ, ಬಾಣಲೆಯ ಪಕ್ಕದಲ್ಲಿ ಕೂತಿದ್ದರು. ಬಾಣಲೆಯ ತುಂಬ ಇದ್ದಿಲು ಬೂದಿ ಮುಚ್ಚಿಕೊಂಡು ಉರಿಯುತ್ತಿತ್ತು. ಸಾಂಬ್ರಾಣಿಗೆಂದು ಇಡುವಷ್ಟಲ್ಲ, ಕೋಣೆ ಕಾಯಿಸಲು ಇಡುವಷ್ಟು. ಅವರ ಮುಖ ನಸುಗೆಂಪಾಗಿತ್ತು. ಹಬ್ಬದ ದಿನ ಎಣ್ಣೆನೀರು ಹಾಕಿಕೊಂಡು ಕೂತವರ ಹಾಗೆ ಕಾಣುತ್ತಿದ್ದರು. ಆ ಬಣ್ಣವನ್ನು ನಾನು ಆಮೇಲೆ ಎಷ್ಟೋ ಸಲ ಕನಸಿನಲ್ಲಿ ಕಂಡಿದ್ದೇನೆ.

ಮಗುವನ್ನು ನಾನು ಹೊರಗೆ ತಂದೆ. ಬ್ರಿಗೇಡಿಯರ್ ಕಿಟಕಿಯ ಗಾಜನ್ನೂ ಒಡೆದರು. ಸುಮಾಳನ್ನು ಇಬ್ಬರೂ ಸೇರಿ ಎಳೆದೆವು. ಕೊನೆಗೆ ಕಮಲಮ್ಮ. ಮೂವರನ್ನೂ ಒದ್ದೆ ಹುಲ್ಲಿನ ಮೇಲೆ ಮಲಗಿಸಿದೆವು. ಲಿಂಡಾ ಓಡಿ ಬಂದು ಮಗುವನ್ನು ತನ್ನ ಕೋಟಿನೊಳಗೆ ಹಾಕಿಕೊಂಡರು. ಅವರ ಫೋನಿನಿಂದ ಆಂಬುಲೆನ್ಸಿಗೆ ಕಾಲ್ ಹೋಯಿತು. ಸ್ವಲ್ಪ ಹೊತ್ತಿಗೆ ಮಗು ಅತ್ತಿತು. ಸುಮಾ ವಾಂತಿ ಮಾಡಿಕೊಂಡಳು. ಕಮಲಮ್ಮ ಮಾತ್ರ ಆಂಬುಲೆನ್ಸ್ ಬರುವವರೆಗೂ ಕಣ್ಣು ಬಿಡಲಿಲ್ಲ. ಬ್ರಿಗೇಡಿಯರ್ ಅವರ ಪಕ್ಕದಲ್ಲಿ ಮಂಡಿಯೂರಿ, ಕೈ ಹಿಡಿದು, ಒಂದೇ ಸಮನೆ “ಉಠೋ, ಮೇಡಮ್, ಉಠೋ” ಎನ್ನುತ್ತಿದ್ದರು.

ಆಸ್ಪತ್ರೆಯಲ್ಲಿ, ಇದ್ದಿಲಿನಿಂದ ಎದ್ದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ರಕ್ತದಿಂದ ಹೋಗಲೆಂದು, ಮೂವರಿಗೂ ಒತ್ತಡದ ಕೋಣೆಯಲ್ಲಿ ಆಮ್ಲಜನಕ ಕೊಟ್ಟರು. ಆ ವಾರ ಅಲ್ಲಿಗೆ ಬಂದವರು ನಾವು ಮಾತ್ರವಲ್ಲ. ಬೇರೆ ಬೇರೆ ದೇಶಗಳಿಂದ ಬಂದ, ಮನೆಯೊಳಗೆ ಬೆಂಕಿ ಇಟ್ಟುಕೊಂಡ ಕುಟುಂಬಗಳು ಕಾರಿಡಾರಿನಲ್ಲಿ ಕಾಯುತ್ತಿದ್ದವು. ಕೆಲವೇ ದಿನಗಳಲ್ಲಿ ಮೂವರೂ ಮನೆಗೆ ಬಂದರು. ಕರೆಂಟ್ ಬಂದಿತ್ತು. ಕಮಲಮ್ಮ ಒಂದು ದಿನ ಪೂರ್ತಿ ಅತ್ತರು. “ನನ್ನ ಕೈಯಾರೆ, ರಘು. ಬೆಚ್ಚಗಿರಲಿ ಅಂತ ನನ್ನ ಕೈಯಾರೆ ಇಟ್ಟೆ.” ಮರುದಿನ ಎದ್ದು ಮೆಣಸಿನ ಸಾರು ಮಾಡಿದರು. ಒಡೆದ ಗಾಜಿಗೆ ಹಲಗೆ ಹೊಡೆಯುತ್ತಿದ್ದ ಗಿರೀಶನಿಗೆ, “ಏನಪ್ಪಾ ಅಳಿಯಂದಿರೇ, ಮೊಳೆಗೂ ಕಂಪ್ಯೂಟರ್ ಬೇಕಾ?” ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕೆವು. ಬ್ರಿಗೇಡಿಯರ್ ನಗಲಿಲ್ಲ. ಸಾರಿನ ಸೌಟು ಹಿಡಿದಿದ್ದ ಕಮಲಮ್ಮನ ಕೈಯನ್ನೇ ನೋಡುತ್ತಿದ್ದರು.

ಆ ಭಾನುವಾರ ತಿಂಡಿಯ ಹೊತ್ತಿಗೆ, ನಾನು ಕೇಳದೆಯೇ, ಕೊರಿಯಾದ ಕಥೆ ಹೇಳಿದರು. ಇದು ಕೇಳಿದ್ದು.

ಆಗ ಅವರು ಹತ್ತೊಂಬತ್ತರ ಲೆಫ್ಟಿನೆಂಟ್. ಬೆಟ್ಟದ ಮೇಲೆ ನೆಲ ಕೊರೆದು ಮಾಡಿದ ಗೂಡು, ಬಾಯಿಗೆ ಗೋಣಿಪರದೆ, ಒಳಗೆ ಮದ್ದುಗುಂಡಿನ ಡಬ್ಬದಲ್ಲಿ ಇದ್ದಿಲು. ನಾಲ್ವರು ಮಲಗಿದ್ದರು. ಪರದೆಯ ಪಕ್ಕದಲ್ಲಿ ಮಲಗಿದ್ದ ಇವರು ಎದ್ದರು. ಒಳಗಿನ ಇಬ್ಬರು ಏಳಲಿಲ್ಲ. ಡಬ್ಬದ ಪಕ್ಕದಲ್ಲಿದ್ದ ಸಾರ್ಜೆಂಟ್ ಬೇಟ್ಸ್ ಒಂದು ದಿನ ಕಳೆದು ಕಣ್ಣು ಬಿಟ್ಟ. ಡಾಕ್ಟರು ನೋಡಿ ಸರಿಯಾಗಿದ್ದಾನೆ ಎಂದರು. ಸರಿಯಾಗಿಯೇ ಇದ್ದ. ಇಸ್ಪೀಟು ಆಡಿದ, ಬೈದ, ಬಂದೂಕು ಬಿಚ್ಚಿ ಜೋಡಿಸಿದ.

“ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಎರಡು ಬೂಟುಗಳನ್ನೂ ಕೈಯಲ್ಲಿ ಹಿಡಿದು ನಿಂತಿದ್ದ. ಅವನ್ನು ಏನು ಮಾಡಬೇಕೆಂದು ಗೊತ್ತಾಗಲಿಲ್ಲ.”

ಬೇಟ್ಸ್ ಉಳಿದ ಆಯುಷ್ಯವನ್ನು ಇಂಗ್ಲೆಂಡಿನ ಒಂದು ಆರೈಕೆ ಮನೆಯಲ್ಲಿ ಕಳೆದನಂತೆ. ಬ್ರಿಗೇಡಿಯರ್ ಪ್ರತಿ ಬಡ್ತಿಯ ನಂತರ ಅಲ್ಲಿಗೆ ಹೋಗುತ್ತಿದ್ದರು. ಮೇಜರ್ ಆಗಿ ಹೋದರು, ಕರ್ನಲ್ ಆಗಿ ಹೋದರು, ಭುಜದ ಮೇಲೆ ಬ್ರಿಗೇಡಿಯರ್ ಪಟ್ಟಿ ಹಾಕಿಕೊಂಡು ಹೋದರು. ಪ್ರತಿ ಸಲವೂ ಅವನು ಕೇಳುತ್ತಿದ್ದುದು ಒಂದೇ: “ಲೆಫ್ಟಿನೆಂಟ್, ಬೆಂಕಿ ಆರಿದೆಯಾ?”

“ಏನು ಹೇಳುತ್ತಿದ್ದಿರಿ?”

“ಆರಿದೆ, ಸಾರ್ಜೆಂಟ್, ಎನ್ನುತ್ತಿದ್ದೆ.” ಬಟ್ಟಲನ್ನು ದೂರ ಸರಿಸಿದರು. “ತಾಯಿ ಮಗು ಮಂಚದ ಮೇಲಿದ್ದರು. ಅಜ್ಜಿ ಕೆಂಡದ ಪಕ್ಕದಲ್ಲಿದ್ದಳು, ವಯಸ್ಸೂ ಆಗಿದೆ. ಇದು ಇನ್ನೂ ಮುಗಿದಿಲ್ಲ. ಜನವರಿ ಪೂರ್ತಿ ನೋಡಬೇಕು.”

ಗಿರೀಶನಿಗೆ ಹೇಳಿದೆ. ಅವನು ನನ್ನ ಮುಖ ನೋಡದೆ, “ಡಾಕ್ಟರ್ ಹೇಳಿದಾರೆ. ಕೆಲವರಿಗೆ ವಾಸಿಯಾಗಿ ಕೆಲವು ವಾರ ಆದ್ಮೇಲೆ ಮರೆವು ಬರಬಹುದು ಅಂತ. ಸುಮಾಗೆ ಹೇಳ್ಬೇಡ ಮಗಾ, ಹಸಿ ಬಾಣಂತಿ” ಎಂದ.

ಹೀಗೆ ಆ ಜನವರಿ ಶುರುವಾಯಿತು. ಗೊತ್ತಿದ್ದವರು ಮೂವರು, ಗೊತ್ತಿಲ್ಲದೆ ನಗುತ್ತಿದ್ದವರು ಇಬ್ಬರು. ಬ್ರಿಗೇಡಿಯರ್ ಈಗ ದಿನವೂ ಮಧ್ಯಾಹ್ನ ಟೀಗೆ ಬಂದರು. ಕಮಲಮ್ಮ ಆ ಹೊತ್ತಿಗೆ ದೇವರ ದೀಪಕ್ಕೆ ಹೂಬತ್ತಿ ಮಾಡುತ್ತ ಕೂರುತ್ತಿದ್ದರು. ಹತ್ತಿಯ ಎಳೆ ಬಿಡಿಸಿ, ಬುಡ ಅಗಲಿಸಿ, ತುದಿಯನ್ನು ಹಾಲಿನಲ್ಲಿ ಅದ್ದಿದ ಬೆರಳಿನಿಂದ ಹೊಸೆದು ಒಂದೊಂದನ್ನೇ ತಟ್ಟೆಯಲ್ಲಿ ನಿಲ್ಲಿಸುತ್ತಿದ್ದರು. ಬ್ರಿಗೇಡಿಯರ್ ಎದುರಿಗೆ ಕೂತು ಆ ಬೆರಳುಗಳನ್ನು ನೋಡುತ್ತಿದ್ದರು. ನಾನು ಸಂಜೆ ಬಂದಾಗ ಒಂದೇ ಮಾತು: “ಕೈ ಚೆನ್ನಾಗಿದೆ.”

“ನಿಮ್ಮ ದೊರೆಗೆ ಇದೇನಪ್ಪಾ ಹುಚ್ಚು?” ಎಂದರು ಕಮಲಮ್ಮ. “ಬತ್ತಿ ಹೊಸೆಯೋದು ಕಲೀಬೇಕಂತಾ? ಯುದ್ಧಕ್ಕೆ ಹೋದೋನು ಅಂತೀಯ.”

“ನಿಮ್ಮ ಟೀ ಇಷ್ಟ ಅಮ್ಮ ಅವರಿಗೆ.”

“ಸುಳ್ಳು. ಅರ್ಧ ಲೋಟ ಬಿಟ್ಟು ಹೋಗ್ತಾನೆ.”

ಹಿಮ ಬಿದ್ದ ಒಂದು ಮಧ್ಯಾಹ್ನ ಆಫೀಸಿಗೆ ರಜೆ ಕೊಟ್ಟಿದ್ದರು. ನಾವೆಲ್ಲ ಅಲ್ಲಿದ್ದೆವು. ಸುಮಾ ಸೋಫಾದಲ್ಲಿ ಮಗುವಿಗೆ ಹಾಲು ಕುಡಿಸುತ್ತಿದ್ದಳು, ಗಿರೀಶ ಲ್ಯಾಪ್‌ಟಾಪ್ ಹಿಡಿದಿದ್ದ. ಕಮಲಮ್ಮ ಹತ್ತಿಯ ಎಳೆ ಬಿಡಿಸಿದರು. ಕೈ ನಿಲ್ಲಿಸಿದರು. ಬೆರಳ ನಡುವಿನ ಹತ್ತಿಯನ್ನು ತಿರುಗಿಸಿ ನೋಡಿದರು.

“ಇದೇನೇ?”

ಸುಮಾ ನಕ್ಕಳು. “ಏನಮ್ಮ? ಹತ್ತಿ.”

“ಹತ್ತಿ. ನನಗ್ಯಾಕೆ ಕೊಟ್ಟೆ?”

ಬ್ರಿಗೇಡಿಯರ್‌ಗೆ ಕನ್ನಡ ಬರುವುದಿಲ್ಲ. ಆದರೂ ನಮಗಿಂತ ಮೊದಲು ಎದ್ದು ನಿಂತವರು ಅವರೇ. ಕಮಲಮ್ಮ ತಲೆಯೆತ್ತಿ ಆ ಎತ್ತರದ ಆಳನ್ನು ಕಂಡು ಸರಕ್ಕನೆ ಸೆರಗು ಹೊದ್ದು ಎದ್ದರು. “ಅಮಲ್ದಾರ್ರು ಬಂದವ್ರೆ, ಕುರ್ಚಿ ಹಾಕ್ರೋ” ಎಂದರು.

ಸುಮಾಳ ನಗು ಅರ್ಧಕ್ಕೆ ನಿಂತಿತು. ಗಿರೀಶನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. “ನಿಮಗೆ ಗೊತ್ತಿತ್ತು” ಎಂದಳು. “ಗಿರೀ, ನಿಮಗೆಲ್ಲಾ ಗೊತ್ತಿತ್ತು.”

ನಾನು ಬ್ರಿಗೇಡಿಯರ್‌ಗೆ ಮಾತನ್ನು ತಿಳಿಸಿದೆ: ನಿಮ್ಮನ್ನು ಆಕೆ ಬಾಲ್ಯದ ಊರಿನ ಕಂದಾಯ ಅಧಿಕಾರಿ ಎಂದುಕೊಂಡಿದ್ದಾರೆ.

“ತಿದ್ದಬೇಡಿ” ಎಂದು ಅವರು ಕುರ್ಚಿ ಎಳೆದುಕೊಂಡು ಕೂತರು, ಆಕೆಯೂ ಕೂರಲಿ ಎಂದು.

ಮುಂದಿನ ದಿನಗಳು ಬೇಗ ಇಳಿದವು. ಕಮಲಮ್ಮನ ಮಾತು ಕಡಿಮೆಯಾಯಿತು, ಹೆಜ್ಜೆ ಚಿಕ್ಕದಾಯಿತು, ಬಟ್ಟೆ ಒದ್ದೆಯಾದರೂ ಅರಿವಾಗದ ಸ್ಥಿತಿ ಬಂತು. ಕಾಯಬೇಕು, ಕೆಲವರು ವರ್ಷದೊಳಗೆ ತಿರುಗಿಕೊಳ್ಳುತ್ತಾರೆ ಎಂದರು ಆಸ್ಪತ್ರೆಯಲ್ಲಿ. ಎಳೆಮಗುವನ್ನು ಒಂದು ಕಡೆ, ತಾಯಿಯನ್ನು ಒಂದು ಕಡೆ ಇಟ್ಟುಕೊಂಡು ಸುಮಾ ನಿದ್ದೆಯಿಲ್ಲದೆ ಓಡಾಡಿದಳು. ಅವಳು ಗಿರೀಶನೊಂದಿಗೆ ಸರಿಯಾಗಿ ಮಾತಾಡಲು ಎಷ್ಟೋ ಕಾಲ ಬೇಕಾಯಿತು. ಬ್ರಿಗೇಡಿಯರ್ ದಿನವೂ ಕಮಲಮ್ಮನ ಮೊಣಕೈ ಹಿಡಿದು ಬೀದಿಯಲ್ಲಿ ನಡೆಸುತ್ತಿದ್ದರು. ಒಮ್ಮೆ ಅವರ ಹಿಂದೆ ನಡೆದಾಗ ಕೇಳಿದೆ: ತಮ್ಮ ಗೂರ್ಖಾ ಹಿಂದಿಯಲ್ಲಿ ಮಲಯಾದಿಂದ ಶುರುಮಾಡಿ ಏಡನ್, ಬೆಲ್‌ಫಾಸ್ಟ್, ಜರ್ಮನಿ, ಲಂಡನ್ನಿನ ಮೇಜಿನವರೆಗೆ ನೌಕರಿಯನ್ನೆಲ್ಲ ಆಕೆಗೆ ವರದಿ ಒಪ್ಪಿಸುತ್ತಿದ್ದರು. ಆಕೆ ಕೆಲವೊಮ್ಮೆ “ಹೂಂ” ಎನ್ನುತ್ತಿದ್ದರು.

ಮಾರ್ಚಿನಲ್ಲಿ ಸುಮಾಳ ಅಣ್ಣ ಬಂದು ತಾಯಿಯನ್ನು ಊರಿಗೆ ಕರೆದುಕೊಂಡು ಹೋದರು. ಏರ್‌ಪೋರ್ಟಿನಲ್ಲಿ ಗಾಲಿಕುರ್ಚಿಯ ಮುಂದೆ ಬ್ರಿಗೇಡಿಯರ್ ಕಷ್ಟಪಟ್ಟು ಮಂಡಿಯೂರಿ, ಕಮಲಮ್ಮನ ಸ್ವೆಟರಿನ ಗುಂಡಿಗಳು ಒಂದು ಕಾಜಾ ತಪ್ಪಿದ್ದನ್ನು ಪೂರ್ತಿ ಬಿಚ್ಚಿ, ಮೊದಲಿನಿಂದ ಸರಿಯಾಗಿ ಹಾಕಿದರು.

ಬ್ರಿಗೇಡಿಯರ್ 2009ರ ವಸಂತದಲ್ಲಿ ತೀರಿಕೊಂಡರು. ಆ ಬೆಳಿಗ್ಗೆ ಒಳಗೆ ಕಾಲಿಟ್ಟವರು ಲಿಂಡಾ. ಕೋಣೆ ತುಂಬ ತಣ್ಣಗಿತ್ತು ಎಂದು ಮಾತ್ರ ಅವರು ನನಗೆ ಹೇಳಿದರು.

ಅಂದು ಆ ಹುಲ್ಲಿನ ಮೇಲೆ ಇದ್ದವರಲ್ಲಿ ಇಂದು ಬದುಕಿರುವವರು ಇವರು. ನಾನು. ಲಿಂಡಾ, ತೊಂಬತ್ತು ದಾಟಿದ್ದಾರೆ, ಅದೇ ಮನೆಯಲ್ಲಿದ್ದಾರೆ. ಕಳೆದ ತಿಂಗಳು ನನ್ನ ಜೊತೆ ಇಳಿಜಾರಿನವರೆಗೆ ನಡೆದು ಬಂದು ಮರ ಬಿದ್ದ ಜಾಗವನ್ನು ಬೆರಳು ಮಾಡಿ ತೋರಿಸಿದರು. ಸುಮಾ, ಶೋರ್‌ಲೈನ್‌ನಲ್ಲಿ ಗಿರೀಶನ ಜೊತೆ. ಗಾಜು ಒಡೆದ ಸದ್ದು ಕೇಳಿತ್ತು, ಏಳಲಾಗಲಿಲ್ಲ ಎನ್ನುತ್ತಾಳೆ. ಅವಳ ಮಗಳು, ಈಗ ಕಾಲೇಜಿಗೆ ಹೋಗುವವಳು. ಅವಳು ಕಂಡದ್ದೇನೂ ಇಲ್ಲ, ಆದರೆ ಅಲ್ಲಿದ್ದಳು. ಇನ್ನೊಬ್ಬರು ಕಮಲಮ್ಮನವರು. ವರ್ಷದೊಳಗೆ ಮಾತು ಬಂತು, ಕೈ ಬಂತು, ಮಕ್ಕಳ ಮೊಮ್ಮಕ್ಕಳ ಹೆಸರು ಬಂತು. ತಿಪಟೂರಿನಲ್ಲಿ ಮಗನ ಮನೆಯಲ್ಲಿ ಚೆನ್ನಾಗಿದ್ದಾರೆ. ಅಮೆರಿಕದ ಬಗ್ಗೆ ಕೇಳಿದರೆ, “ನಾನೆಲ್ಲಿ ಹೋದೆ ಕಣಪ್ಪ? ಮಗಳ ಬಾಣಂತನಕ್ಕೂ ಹೋಗಕ್ಕಾಗಲಿಲ್ಲವಲ್ಲ ಅಂತ ಇವತ್ತಿಗೂ ಕೊರಗು ನನಗೆ” ಎನ್ನುತ್ತಾರೆ.